ರಮಜಾನನ ಗೋಡೆಯಿಲ್ಲದ ಪಡಸಾಲೆ

ರಮಜಾನ್ ತನ್ನ ಮನೆಯ ಒಳಗೋಡೆಗಳನ್ನು ಕೆಡವಿಸಿ ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ, ಅಷ್ಟರಲ್ಲಿ ಮಗಳನ್ನು ನೋಡಲು ಬರುತ್ತೇವೆಂದು ಶಲವಡಿಯಿಂದ ಫೋನ್ ಬಂತು.

ರಮಜಾನ್ ಕಲಘಟಗಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಒಂದು ಬಸ್ಸು ಹೋಗಿ ಇನ್ನೊಂದು ಬರುವ ನಡುವೆ ಮೊಬೈಲಿನಲ್ಲಿ ಮನೆ ಅಲಂಕಾರದ ವಿಡಿಯೋ ನೋಡುವುದು ಅವನ ಚಟ. ನೋಡುತ್ತ ನೋಡುತ್ತ 'ಓಪನ್ ಪ್ಲಾನ್' ಎಂಬ ಹುಳ ತಲೆಗೆ ಹೊಕ್ಕಿತು. ಕೂಡುವುದು, ಉಣ್ಣುವುದು, ಅಡುಗೆ, ನಿದ್ದೆ ಎಲ್ಲಾ ಒಂದೇ ಪಡಸಾಲೆಯಲ್ಲಿ. ಬಚ್ಚಲಿಗೊಂದು ಬಾಗಿಲು ಉಳಿದದ್ದು ಹೆಂಡತಿ ರೂಬಿನಾ ಸೌಟು ಹಿಡಿದು ಅಡ್ಡ ನಿಂತದ್ದರಿಂದ. ಬೆಳ್ಳಗಿನ ಬಣ್ಣ ಹೊಡೆಸಿ, ಮೂಲೆಗೊಂದು ಮಣ್ಣಿನ ಹೂಜಿ ಇಟ್ಟು, ನಟ್ಟನಡುವೆ ಒಂದು ದೀಪ ಇಳಿಬಿಟ್ಟು, "ಖಾಲಿ ಜಾಗಾನ ಶೃಂಗಾರ" ಎಂದು ಅವನು ಓಣಿಗೆಲ್ಲಾ ಉಪದೇಶ ಮಾಡಿದ.

ಓಣಿ ಆ ಉಪದೇಶ ನಂಬಲಿಲ್ಲ. ರವಿವಾರ ಬೆಳಿಗ್ಗೆ ಎದುರುಮನೆಯ ನೀಲಕ್ಕ ಹೊಸ್ತಿಲಲ್ಲೇ ಎದೆ ಹಿಡಿದುಕೊಂಡು ನಿಂತಳು.

"ಏನಪಾ ರಮಜಾನ, ಇವತ್ತು ಬೀಗರ ಬರಾವ್ರು, ನಿನ್ನ ಮನಿ ಬಾಡಿಗಿದಾರ ಬಿಟ್ಟುಹೋದಂಗ ಕಾಣ್ತೈತಲ್ಲೋ! ಒಲಿ ಮುಂದ ಕುಂತ ರೂಬಿನಾನ ಮುಖ ಬಂದವ್ರು ನೋಡ್ಕೋತ ಕುಂದರಬೇಕೇನು?"

"ನೀಲಕ್ಕಾ, ಇದು ಓಪನ್..."

"ಓಪನ್ ಇರೂದು ಸಂತಿ. ಸುಮ್ನಿರು."

ಐದು ನಿಮಿಷದಲ್ಲಿ ಅವಳ ಮನೆಯ ಎರಡು ಹೊದೆಯುವ ಕೌದಿಗಳು ಹಗ್ಗದ ಮೇಲೆ ಜೋತುಬಿದ್ದು ಒಲೆಯ ಮೂಲೆ ಅಡುಗೆಮನೆಯಾಯಿತು. ಸುದ್ದಿ ಕೇಳಿ ಪೆಂಡಾಲ್ ಅಂಗಡಿಯ ಗುಲಾಮಹುಸೇನ ಕೈಗಾಡಿ ಸಮೇತ ಬಂದ. ಕೆಂಪು ಹಳದಿ ಪಟ್ಟೆಯ ಬಟ್ಟೆ, ಪ್ಲಾಸ್ಟಿಕ್ ಹೂವಿನ ಕಮಾನು, ಮದುಮಕ್ಕಳು ಕೂಡುವ ಎರಡು ಬಂಗಾರ ಬಣ್ಣದ ಕುರ್ಚಿ.

"ರಮಜಾನ್ ಭಾಯ್, ತಬಸುಮ್ ನಿನಗಷ್ಟ ಮಗಳೇನು? ನಮ್ಮ ಕೈಯಾಗ ಬೆಳದ ಹುಡುಗಿ. ಸರಿ ಬಾಜು."

ರಮಜಾನ್ ಸರಿದ. ಏನೆಂದು ಬೈಯುವುದು? ತನಗೆ ರಜೆ ಸಿಗದ ದಿನಗಳಲ್ಲಿ ತಬಸುಮ್‌ಗೆ ಜ್ವರ ಬಂದರೆ ದವಾಖಾನೆಗೆ ಓಡಿದವರು ಇವರೇ. ಅವಳು ಪದವಿ ಮುಗಿಸಿದಾಗ ಓಣಿಗೆ ಪೇಡೆ ಹಂಚಿದವರೂ ಇವರೇ. ಅವನ ಕಣ್ಣು ತೇವವಾಯಿತು. ತನ್ನ ಶೃಂಗಾರದ ಖಾಲಿ ಜಾಗ ಅಂಗೈಯಗಲಕ್ಕೆ ಇಳಿದದ್ದನ್ನು ನೋಡಿ ಇನ್ನಷ್ಟು ತೇವವಾಯಿತು.

ಮಧ್ಯಾಹ್ನ ಹುಡುಗನ ಕಡೆಯವರು ಬಂದರು. ತಾಯಿ ಮಲಿಕಾಬಿ, ಸೋದರಮಾವ ಮಾಬುಸಾಬ, ಹುಡುಗ ಇಲಿಯಾಸ್. ಹುಡುಗ ದುಮ್ಮವಾಡದ ಸಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿ ಬಂದವನು. ಕುರ್ಚಿಯ ತುದಿಯಲ್ಲಿ ಕುಳಿತು ತನ್ನ ಬೂಟಿನ ಗುರುತು ಟೈಲ್ಸಿನ ಮೇಲೆ ಬಿತ್ತಲ್ಲ ಎಂದು ಸಂಕಟಪಡುತ್ತಿದ್ದ. ರಮಜಾನ್‌ಗೆ ಹುಡುಗ ಒಂದೇ ನೋಟಕ್ಕೆ ಹಿಡಿಸಿಬಿಟ್ಟ.

ಅಷ್ಟರಲ್ಲಿ ಕೌದಿಯ ಆಚೆ ರೂಬಿನಾ ಕಾದ ಎಣ್ಣೆಗೆ ಮೆಣಸಿನಕಾಯಿ ಬಿಟ್ಟಳು. ಗೋಡೆಯಾಗಿದ್ದರೆ ಘಾಟು ಅಲ್ಲೇ ನಿಲ್ಲುತ್ತಿತ್ತು. ಕೌದಿಗೆ ಅಷ್ಟು ತಾಕತ್ತೆಲ್ಲಿಂದ ಬರಬೇಕು? ಮಾಬುಸಾಬ ಒಂದು ಸೀನು ಸೀನಿದ, ಕಮಾನು ಅಲುಗಾಡಿತು. ಮಲಿಕಾಬಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಚಹಾ ತಂದ ತಬಸುಮ್ ಕಣ್ಣಲ್ಲಿ ಧಾರಾಕಾರ ನೀರು. "ಪಾಪ, ಭಾಳ ನಾಚಿಕಿ ಸ್ವಭಾವ" ಎಂದು ಮಾಬುಸಾಬ ಮೆಚ್ಚಿಕೊಂಡ.

ಇನ್ನು ಉಳಿದದ್ದು ಹೆಣ್ಣಿನ ಕಡೆಯ ಒಪ್ಪಿಗೆಯ ಒಂದೇ ಮಾತು. ಆದರೆ ಹೆಣ್ಣು ನೋಡುವ ಕೆಲಸದಲ್ಲಿ ಅರ್ಧ ಪಡಸಾಲೆಯಲ್ಲಿ ಆಗುತ್ತದೆ, ಅರ್ಧ 'ಒಳಗೆ'. ಒಳಗೆ ಹೋಗಿ ಒಂದು ಮಾತು ಕೇಳಿ ಬರದೆ ಯಾವ ತಂದೆಯೂ ಹೂಂ ಅನ್ನುವುದಿಲ್ಲ. ರಮಜಾನ್‌ಗೂ ಅದು ರೂಢಿಯ ಮಾತು, ಬಾಯಿಗೆ ಬಂದೇಬಿಟ್ಟಿತು.

"ಒಂದ್ ನಿಮಿಷ್ರಿ, ಒಳಗ ಕೇಳಿ ಬರ್ತೀನಿ" ಎಂದು ಎದ್ದು ಕೌದಿಯ ಹಿಂದೆ ಹೋದ. ಅಲ್ಲಿ ರೂಬಿನಾ ಇದ್ದಳು, ಕೌದಿಗೆ ಕಿವಿ ಹಚ್ಚಿಕೊಂಡು ನೀಲಕ್ಕನೂ ಇದ್ದಳು.

ರಮಜಾನ್ ಪಿಸುಗುಟ್ಟಿದ. ಆದರೆ ವರ್ಷಗಟ್ಟಲೆ ಬಸ್ಸಿನ ಹೆಸರು ಕೂಗಿದ ಗಂಟಲು ಅದು. ಅವನ ಪಿಸುಮಾತಿಗೆ ಮೂಲೆಯ ಹೂಜಿಯೂ ತಿರುಗಿ ನೋಡಬೇಕು.

"ರೂಬಿನಾ, ಹುಡುಗ ಅಗದಿ ಛಲೋ ಅದಾನ. ಆದ್ರ ಅವ್ರ ಮನಿ ಶಲವಡಿ! ಮಗಳನ್ನ ಅಷ್ಟು ದೂರ ಕಳಿಸಿ ನಾ ಹ್ಯಾಂಗ ಇರ್ಲಿ? ಸಂಜಿಗೆ ಮನಿಗೆ ಬಂದ್ರ 'ಅಬ್ಬಾ, ಬಂದ್ರೇನು' ಅನ್ನಾವ್ರು ಯಾರು?"

ಪಡಸಾಲೆಯಲ್ಲಿ ಚಹಾ ಹೀರುವ ಸದ್ದು ನಿಂತಿತು. ನೀಲಕ್ಕ ಗಾಬರಿಯಿಂದ ಕೌದಿ ಹಿಡಿದು ಜಗ್ಗಿದಳು. ಹಗ್ಗ ಕಳಚಿತು, ಕೌದಿಗಳು ಬಿದ್ದವು, ಪಟ್ಟೆ ಬಟ್ಟೆ ಅವುಗಳ ಹಿಂದೆ ಹೋಯಿತು. ಒಂದು ಕಡೆ ಬೀಗರು, ಇನ್ನೊಂದು ಕಡೆ ಕಣ್ಣೊರೆಸಿಕೊಳ್ಳುತ್ತಿರುವ ರಮಜಾನ್. ನಡುವೆ ಓಪನ್ ಪ್ಲಾನ್.

ಮಲಿಕಾಬಿ ದೊಡ್ಡ ಮನಸ್ಸಿನ ಹೆಂಗಸು. ಏನೂ ಕೇಳಿಸಿಲ್ಲವೆಂಬಂತೆ ಎದ್ದು ನಿಂತರು. "ನೀವು ಮಾತಾಡ್ಕೋರಿ ಭಾಯ್. ನಾವು ಒಂದೀಟು ಹೊರಗ ನಿಂದರ್ತೀವಿ."

"ಅಯ್ಯ, ಬಂದವ್ರು ಬಿಸಲಾಗ ನಿಂದರೂದೇನ್ರಿ? ನೀವು ಕುಂದರ್ರಿ, ನಾವ ಹೋಗ್ತೀವಿ" ಎಂದಳು ರೂಬಿನಾ.

"ಹಂಗಾದ್ರ ನಾವು ನಿಮ್ಮನ್ನ ನಿಮ್ಮ ಮನಿಯಿಂದ ಹೊರಗ ಹಾಕಿದಂಗ ಆಗ್ತದ್ರಿ! ಮಾಬು, ಏಳು."

"ಅವ್ರು ಹೊರಗ ಹೋಗಿ ನಾವು ಒಳಗ ಕುಂತ್ರ ಮರ್ಯಾದಿ ಏನುಳೀತು? ರಮಜಾನಾ, ನಡಿ" ಎಂದು ನೀಲಕ್ಕ ಅವನ ರಟ್ಟೆ ಹಿಡಿದು ಎಳೆದಳು.

ಒಬ್ಬರ ಮರ್ಯಾದೆಗೆ ಇನ್ನೊಬ್ಬರ ಮರ್ಯಾದೆ ಸೋಲಲಿಲ್ಲ. ಎರಡೂ ಕಡೆಯವರು ಬಾಗಿಲಲ್ಲಿ ಭುಜಕ್ಕೆ ಭುಜ ತಿಕ್ಕಿಕೊಂಡು ಓಣಿಗೆ ಬಂದು ಬಿದ್ದರು. ಗುಲಾಮಹುಸೇನ ಬಾಗಿಲ ಮುಂದಿನ ಕಟ್ಟೆಯ ಪಕ್ಕ ಕುರ್ಚಿ ಹಾಕಿದ. ಹಾದಿಹೋಕರು ನಿಂತರು.

"ಭಾಯ್, ನೀವು ಅಂದದ್ದು ಕೇಳಿಸ್ತು" ಎಂದರು ಕಡೆಗೂ ಮಲಿಕಾಬಿ. "ನನ್ನ ಮಗಳನ್ನ ಕಳಸೂ ದಿನ ನಾನೂ ಹಿಂಗ ಅತ್ತಿದ್ದೆ. ಇಂಥಾ ತಂದಿ ಬೆಳೆಸಿದ ಹುಡುಗಿ ನಮಗ ಬೇಕ ಬೇಕ್ರಿ. ಆದ್ರ ನಿಮ್ಮ ಜೀವಾ ನೋಯಿಸಿ ಹ್ಯಾಂಗ ಕೇಳ್ಲಿ?"

ರಮಜಾನ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಕೇಳಬಾರದ್ದನ್ನು ಕೇಳಿಯೂ ಹೀಗೆ ಮಾತಾಡುವ ಬೀಗರು ಯಾರಿಗೆ ಸಿಗುತ್ತಾರೆ? ದೂರವಾದರೂ ಚಿಂತೆಯಿಲ್ಲ, ಇಂಥ ಮನೆಯನ್ನು ಬಿಡಬಾರದು ಎಂದು ಗಟ್ಟಿ ಮಾಡಿ ಬಾಯಿ ತೆರೆದ. ಅಷ್ಟರಲ್ಲಿ ನೀಲಕ್ಕ ಸುತ್ತಲೂ ನೋಡಿ ಕಿರುಚಿದಳು.

"ಅಯ್ಯ ನಮ್ಮವ್ವ! ಹುಡುಗ ಹುಡುಗಿ ಎಲ್ಲೆ?"

ಎಲ್ಲರೂ ಬಾಗಿಲ ಕಡೆ ತಿರುಗಿದರು. ನಿಕಾಹ್ ಇನ್ನೂ ದೂರ, ಮಾತೇ ಮುಗಿದಿಲ್ಲ, ಮನೆಯಲ್ಲಿ ಇಬ್ಬರೇ! ಮರ್ಯಾದೆಗಾಗಿ ಹೊರಬಂದವರೆಲ್ಲ ಮರ್ಯಾದೆಗಾಗಿಯೇ ಒಳಕ್ಕೆ ನುಗ್ಗಿದರು. ಮೊದಲು ರಮಜಾನ್.

ತಬಸುಮ್ ಬಿದ್ದ ಕೌದಿಗಳನ್ನು ಮಡಚಿಟ್ಟು ಪಡಸಾಲೆಯ ಆ ತುದಿಯಲ್ಲಿ ನಿಂತಿದ್ದಳು. ಈ ತುದಿಯಲ್ಲಿ ಆ ನಾಚಿಕೆಯ ಮಾಸ್ತರ ಮೊಣಕಾಲೂರಿ ಕುಳಿತು, ಕಿಸೆಯ ಚಾಕ್‌ಪೀಸಿನಿಂದ ಟೈಲ್ಸಿನ ಮೇಲೆ ಉದ್ದಕ್ಕೆ ಗೆರೆ ಎಳೆಯುತ್ತಿದ್ದ.

"ಏನ್ ನಡಸೀರಿ?" ಎಂದ ರಮಜಾನ್.

ಇಲಿಯಾಸ್ ಚಾಕ್‌ಪೀಸು ಕಿಸೆಗೆ ತುರುಕಿ ಎದ್ದು ನಿಂತ. ಮಾತಾಡಿದ್ದು ತಬಸುಮ್.

"ಅಬ್ಬಾ, ಇವ್ರ ಸಾಲಿ ದುಮ್ಮವಾಡದಾಗ ಅಲ್ರಿ? ದಿನಾ ಶಲವಡಿಯಿಂದ ಬರಾಕ ಆಗೂದಿಲ್ಲ, ಕಲಘಟಗಿಯಾಗ ಬಾಡಿಗಿ ಖೋಲಿ ಹುಡುಕಾಕತ್ತಿದ್ರಂತ. ನೀವು ಅಂದದ್ದು ಕೇಳಿ, 'ಇಷ್ಟು ದೊಡ್ಡ ಪಡಸಾಲಿ ಇದ್ದು ಬ್ಯಾರೆ ಖೋಲಿ ಯಾಕ' ಅಂದ್ರು. ನಾ ಎಲ್ಲೂ ಹೋಗೂದಿಲ್ಲ ಅಬ್ಬಾ, ಇಲ್ಲೇ ಇರ್ತೀನಿ. ಇಲ್ಲಿಂದ ಇಲ್ಲಿತನಾ ಒಂದು ಗ್ವಾಡಿ ಕಟ್ಟಿಸಿದ್ರ ಆತು."

ಮಲಿಕಾಬಿ ಎರಡೂ ಕೈಯೆತ್ತಿ ದುವಾ ಮಾಡಿದರು. ಮಗ ಹೋಟೆಲ್ ಅನ್ನ ತಿನ್ನುವುದು ತಪ್ಪಿತಲ್ಲ ಎಂಬ ಸಂತೋಷ ಅವರ ಮುಖದ ತುಂಬ. ನೀಲಕ್ಕ ಸಕ್ಕರೆ ಡಬ್ಬಿಗೆ ಕೈ ಹಾಕಿ ಎಲ್ಲರ ಬಾಯಿಗೂ ಸುರಿದಳು.

ರಮಜಾನ್ ಗೆರೆ ನೋಡಿದ. ಕಿಟಕಿ, ದೀಪ, ಗಾಳಿ, ಬೆಳಕು ಎಲ್ಲಾ ಗೆರೆಯ ಆಚೆ ಮಗಳು ಅಳಿಯನ ಪಾಲಿಗೆ ಹೋಗಿದ್ದವು. ಈಚೆ ಉಳಿದದ್ದು ಒಲೆ, ಪಾತ್ರೆ, ರೂಬಿನಾಳ ಒಂದು ಚಾಪೆ ಹಾಸುವಷ್ಟು ಜಾಗ. ಅವನ ಮನಸ್ಸು ತುಂಬಿ ಬಂದಿತ್ತು. ಮಗಳು ಕಣ್ಣೆದುರೇ ಇರುತ್ತಾಳೆ, ಇದಕ್ಕಿಂತ ದೊಡ್ಡ ಕೊಡುಗೆ ಯಾವುದಿದೆ? ಅಲ್ಲಾಹನಿಗೂ, ಬೀಗರಿಗೂ, ಓಣಿಯವರಿಗೂ ಒಂದೊಂದು ಶುಕ್ರಿಯಾ ಹೇಳಿದ. ಹೇಳಿಯಾದ ಮೇಲೆ ಮೆಲ್ಲಗೆ ಕೇಳಿದ.

"ಮತ್ತ... ನಾ ಎಲ್ಲೆ ಇರ್ಲಿ?"

ರೂಬಿನಾ ಮೊದಲೇ ಯೋಚಿಸಿಟ್ಟವಳಂತೆ ಬಾಗಿಲಾಚೆಯ ಕಟ್ಟೆಯ ಕಡೆ ಕೈ ತೋರಿಸಿದಳು.

"ಅಲ್ಲಿ ಇರ್ರಿ. ಬಾಜು ಗ್ವಾಡಿಲ್ಲ, ಮ್ಯಾಲ ಮಾಳಗಿಲ್ಲ. ನಿಮಗ ಬೇಕಾದಂಗ ಅಗದಿ ಓಪನ್."