ಟ್ಯಾಂಕಿನ ಮೇಲಿನ ಕೆಂಪು ಚುಕ್ಕೆ

ಕಬ್ಬಿಣಕ್ಕೆ ಬಳಿದ ಬಣ್ಣ ಸರಿಯಾಗಿದೆಯಾ ಅಂತ ನೋಡೋನು ನಗು ಹುಡುಕ್ಕೊಂಡು ಹೋಗ್ಬೇಕಾಗಿಲ್ಲ, ಏಣಿ ಹತ್ತಿದ್ರೆ ಸಾಕು. ಎಂಬತ್ತರ ದಶಕದಲ್ಲಿ ನ್ಯೂಜೆರ್ಸಿಲಿ ನನಗೆ ಅದೇ ಕೆಲಸ. ಕೈಲೊಂದು ಪುಟ್ಟ ಮೀಟರ್. ಅದರ ಅಯಸ್ಕಾಂತದ ಮೂತಿ ಒತ್ತಿದ್ರೆ ಬಣ್ಣ ಎಷ್ಟು ದಪ್ಪ ಅಂತ ಹೇಳುತ್ತೆ. ಇದು ಒಂದೇ ವಾರದ ಕಥೆ.

೧

ಪಿಸ್ಕಾಟವೇ ಅನ್ನೋ ಊರಿನ ಹತ್ರ ನೀರಿನ ಟ್ಯಾಂಕು. ಪೇಂಟರ್‌ಗಳ ಮೇಸ್ತ್ರಿ ಗ್ರೀಸ್ ದೇಶದವನು. ಶನಿವಾರ ಬಾಸ್ಟನ್‌ನಲ್ಲಿ ಅವನ ಮಗಳ ಮದುವೆ. ಶುಕ್ರವಾರ ನಾನು ಕೆಲಸ ಸರಿ ಇದೆ ಅಂತ ಸೈನ್ ಹಾಕದಿದ್ರೆ ಶನಿವಾರನೂ ಅವನು ಟ್ಯಾಂಕಿನ ಮೇಲೇ.

ಸೋಮವಾರ ಒಂದು ಕಡೆ ಬಣ್ಣ ತೆಳುವಾಗಿತ್ತು. ಹೇಳ್ದೆ.

"ನನ್ನ ಹೆಂಡತಿನೂ ಇಷ್ಟು ತಪ್ಪು ಹುಡುಕಲ್ಲ" ಅಂದ.

"ಅವರ ಹತ್ರ ಮೀಟರ್ ಇಲ್ವಲ್ಲ" ಅಂದೆ.

ಇನ್ನೊಂದು ಕೋಟ್ ಹೊಡೆಸಿದ.

೨

ಬುಧವಾರ ಸಂಜೆ, ನಾವಿದ್ದ ಓಲ್ಡ್ ಬ್ರಿಡ್ಜ್ ಊರಲ್ಲಿ, ಪಕ್ಕದ ಮನೆ ಅಂಕಲ್ ಕರೆದ್ರು. ಹಳೇ ಕಾರು ತಗೊಂಡಿದ್ರು. "ನಿನ್ನ ಮೀಟರ್ ತಾರಯ್ಯ. ಒಂದು ಗೀರೂ ಇಲ್ಲ, ನೋಡು."

ಬಾಗಿಲಿಗೆ ಇಟ್ಟೆ. ಅಯಸ್ಕಾಂತ ಹಿಡೀಲೇ ಇಲ್ಲ.

"ಅಂಕಲ್, ಇಲ್ಲಿ ತಗಡು ಇಲ್ಲ. ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ."

ಅಂಕಲ್ ಬಾಗಿಲು ಸವರಿದ್ರು. "ಹಾಗಾದ್ರೆ ತುಕ್ಕು ಹಿಡಿಯೋ ಭಯ ಇಲ್ಲ ಬಿಡು."

೩

ಶುಕ್ರವಾರ ಬೆಳಿಗ್ಗೆ ಟ್ಯಾಂಕ್ ಹತ್ತಿ ಸಾಲಾಗಿ ಅಳೀತಾ ಬಂದೆ. ಎಲ್ಲಾ ಸರಿ ಇತ್ತು. ಕೆಳಗೆ ನಮ್ಮ ಬಾಸು ಬೈನಾಕ್ಯುಲರ್ ಹಿಡಿದು ನೋಡ್ತಿದ್ದ. "ಅಲ್ಲಿ ಕೆಂಪಗೆ ತುಕ್ಕು ಬಂದಿದೆ" ಅಂತ ಕೂಗಿದ. "ಸೈನ್ ಹಾಕ್ಬೇಡ."

ತಿರುಗಿ ನೋಡ್ದೆ. ಅಳೆದ ಕಡೆಯೆಲ್ಲ ಕೆಂಪು ಚುಕ್ಕೆ. ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿ ಮುಖ ಆ ಬಿಳಿ ಟ್ಯಾಂಕಿಗಿಂತ ಬೆಳ್ಳಗಾಯ್ತು.

ಮೀಟರ್ ತಿರುಗಿಸಿದೆ. ಮೂತಿ ಮೇಲೆ ಗಂಧ, ಕುಂಕುಮ. ಹಿಂದಿನ ದಿನ ಆಯುಧಪೂಜೆ. ನನ್ನಾಕೆ ಕಾರು, ಮಿಕ್ಸಿ, ಕತ್ತರಿ ಜೊತೆ ಇದಕ್ಕೂ ಹಚ್ಚಿದ್ಲು. ನಾನು ಅಂಕಿ ನೋಡೋನು, ಮೂತಿ ನೋಡೋನಲ್ಲ.

ಇಬ್ಬರೂ ಇಳಿದು ಬಂದ್ವಿ. ಬಾಸಿಗೆ ಹೇಳ್ದೆ, "ತುಕ್ಕಲ್ಲ. ನಿನ್ನೆ ಪೂಜೆ ಇತ್ತು."

"ಯಾರಿಗೆ?" ಅಂದ ಬಾಸು.

"ಮೀಟರ್‌ಗೆ."

ಅವನು ಮೀಟರ್ ಇಸ್ಕೊಂಡು ಮೂಸಿ ನೋಡಿ ವಾಪಸ್ ಕೊಟ್ಟ. "ಒರೆಸಿ ಮತ್ತೆ ಅಳೆ."

ಮೇಸ್ತ್ರಿನೇ ಬಟ್ಟೆ ಹಿಡಿದು ಒಂದೊಂದು ಚುಕ್ಕೆ ಒರೆಸಿದ. ನಾನು ಮೀಟರಿನ ಮೂತಿ ಒರೆಸ್ಕೊಂಡು ಹಿಂದೆ ಅಳೀತಾ ಹೋದೆ. ನಾಲ್ಕು ಗಂಟೆಗೆ ಸೈನ್ ಹಾಕ್ದೆ. ಅವನು ಕೈ ಕುಲುಕಿ ತನ್ನ ಟ್ರಕ್ ಕಡೆ ಓಡಿದ. ಮದುವೆಗೆ ಹೊರಟ ಅಂದ್ಕೊಂಡೆ. ಪೇಂಟ್ ಹೊಡೆಯೋ ಸ್ಪ್ರೇ ಗನ್ ಎತ್ಕೊಂಡು ವಾಪಸ್ ಬಂದ.

"ಇದರ ಮೂತಿ ದಿನಾ ಕಟ್ಕೊಳ್ಳುತ್ತೆ. ಮದುವೆ ಮುಗಿಸಿ ಸೋಮವಾರ ಬರ್ತೀನಿ. ಅಷ್ಟರಲ್ಲಿ ನಿನ್ನ ಹೆಂಡತಿ ಕೈಲಿ ಇದಕ್ಕೂ ಪೂಜೆ ಮಾಡಿಸಿಡು."