ಲಾಕಪ್ಪಿಗೆ ಬಂದ ಅಯ್ಯನೋರು

ಒಬ್ಬ ದಫೇದಾರ, ಒಬ್ಬ ದನಗಳ್ಳ, ಒಬ್ಬರು ಮಠದ ಅಯ್ಯನೋರು. ಜಾಗ, ಚಳ್ಳಕೆರೆಯ ಪೊಲೀಸ್ ಲಾಕಪ್ಪು. ಮೂವರಲ್ಲಿ ಯಾರು ಯಾರಿಗೆ ಉಣ್ಣಿಸಿದರು, ಹೇಳಿ ನೋಡೋಣ? ನಿಮ್ಮ ಊಹೆ ತಪ್ಪು; ಆದರೂ ಇಟ್ಟುಕೊಂಡಿರಿ. ಮೈಸೂರಿನ ಕಾಲೇಜಿನಿಂದ ನೇರ ಇನ್ಸ್‌ಪೆಕ್ಟರನಾಗಿ ಆ ಸೀಮೆಗೆ ಹೋದವನು ನಾನು, ಈಗ ಪೆನ್ಷನ್ ತಿನ್ನುತ್ತ ಕೂತಿದ್ದೇನೆ. ಠಾಣೆ ಎಂದರೆ ಅಳುವವರ ಜಾಗ, ನಿಜ. ಆದರೆ ಅವರ ನಡುವೆಯೇ ನಗು ಬಂದು ಕೂತುಬಿಡುತ್ತದೆ, ಕರೆಯದ ಸಾಕ್ಷಿಯ ಹಾಗೆ.

೧. ಬಳ್ಳಾರಿ ನೋಡಿ ಬಂದದ್ದು

ನಮ್ಮ ತಾಲ್ಲೂಕಿನ ಅಮಲ್ದಾರರು ಒಮ್ಮೆ ಬಳ್ಳಾರಿ ಕಡೆಯ ಒಂದು ಜೈಲು ನೋಡಿ ಬಂದರು. ಅಲ್ಲಿ ಕೈದಿಗಳಿಗೆ ಬುದ್ಧಿ, ಪೊಲೀಸರಿಗೆ ಧೈರ್ಯ ಹೇಳಲು ಒಬ್ಬ ಪಾದ್ರಿ ಇದ್ದನಂತೆ. ನಮಗೂ ಒಬ್ಬರು ಬೇಕೆಂದು ಹಟ ಹಿಡಿದರು. ಪಾದ್ರಿ ಎಲ್ಲಿ ಸಿಗಬೇಕು? ಮೊಳಕಾಲ್ಮೂರು ಕಡೆಯ ಮಠದಿಂದ ಒಬ್ಬ ಅಯ್ಯನೋರನ್ನು ಕರೆತಂದೆವು. ಸೋಮವಾರ ಸೋಮವಾರ ಬಂದು, ಕಂಬಿಯ ಎರಡೂ ಕಡೆಯವರಿಗೆ ವಿಭೂತಿ ಹಚ್ಚಿ ನಾಲ್ಕು ಮಾತು ಹೇಳುವುದು.

ಒಳಗಿದ್ದವನು ಸೀಮೆಗೆಲ್ಲ ಹೆಸರಾದ ದನಗಳ್ಳ. ಅಯ್ಯನೋರು ಶುರುಮಾಡಿದರು: ಈ ದೇಹವೇ ಒಂದು ಬಂದೀಖಾನೆ, ಆತ್ಮವೇ ಕೈದಿ, ನಾವೆಲ್ಲ ಶಿಕ್ಷೆ ಅನುಭವಿಸಲು ಬಂದವರು. ಕಳ್ಳ ಭಕ್ತಿಯಿಂದಲೇ ಕೈಮುಗಿದ.

"ಅಯ್ಯನೋರೆ, ಅಲ್ಲಿ ಜಾಮೀನು ಕೊಡ್ತಾರೇನ್ರಿ?"

೨. ಹಗುರಾದವರು ಯಾರು

ಮುಂದಿನ ವಾರ ನನ್ನ ಕೈಕೆಳಗಿನ ದಫೇದಾರನ ಸರದಿ. ಮನಸ್ಸಿನ ಭಾರ ಹೇಳಿಕೋ ಎಂದು ಅಯ್ಯನೋರು ಎದುರಿಗೆ ಕೂತರು. ಎದುರಿಗೆ ಕೂತವರನ್ನು ವಿಚಾರಿಸಿಯೇ ರೂಢಿ ಅವನಿಗೆ. ಹುಟ್ಟಿದೂರು ಯಾವುದು, ಮಠ ಸೇರಿದ್ದು ಯಾಕೆ, ಯಾರ ಮೇಲಾದರೂ ಅನುಮಾನ ಉಂಟೋ ಎಂದು ತಾನೇ ಕೇಳುತ್ತ ಹೋದ. ಅಯ್ಯನೋರು ಮಂಡಿನೋವು, ಹಿರಿಯ ಸ್ವಾಮಿಗಳ ಸಿಟ್ಟು, ಎಳೆಯದರಲ್ಲೇ ಬಿಟ್ಟುಬಂದ ಅವ್ವ, ಎಲ್ಲವನ್ನೂ ಹೇಳಿ ಕಣ್ಣೊರೆಸಿಕೊಂಡರು. ಏಳುವಾಗ ನನಗೆಂದರು:

"ಒಳ್ಳೇ ಏರ್ಪಾಡು ಸಾಹೇಬ್ರೆ. ಮನಸ್ಸು ಹಗುರಾತು."

೩. ನೆಂಟರು ಬರಲಿಲ್ಲ

ಆಮೇಲೆ ಪ್ಲೇಗು ಬಂತು. ಇಲಿ ಸತ್ತುಬಿದ್ದ ಮನೆಗಳನ್ನು ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಕೋರ್ಟು ಮುಚ್ಚಿತು, ಕಳ್ಳ ಒಳಗೇ ಉಳಿದ. ದಫೇದಾರ ಠಾಣೆ ಬಿಡುವಂತಿರಲಿಲ್ಲ, ಅವನನ್ನು ಬಿಟ್ಟು ಹೆಂಡತಿಯೂ ಹೋಗಲಿಲ್ಲ. ಮೊದಲು ಮಗಳು ಸತ್ತಳು, ಬೆನ್ನಿಗೇ ಹೆಂಡತಿ. ಇಬ್ಬರನ್ನೂ ಮಣ್ಣು ಮಾಡಿ ಬಂದು ಲಾಕಪ್ಪಿನೆದುರಿನ ಬೆಂಚಿನ ಮೇಲೆ ಕೂತವನು ಮಾತು ಬಿಟ್ಟ, ಊಟವನ್ನೂ ಬಿಟ್ಟ.

ದಫೇದಾರನ ಜನರಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು ಬುತ್ತಿ ತಂದು ಕೈಗಿಟ್ಟ ಮೇಲೆಯೇ ಉಣ್ಣಬೇಕು. ಪ್ಲೇಗಿನ ಊರಿಗೆ ಯಾವ ನೆಂಟ ಬರುತ್ತಾನೆ? ನಾನು ತಂದಿಟ್ಟ ಅನ್ನ ಹಾಗೇ ಹಳಸಿತು. ಸೋಮವಾರ ಬಂದ ಅಯ್ಯನೋರು ಕೈಹಿಡಿದು ಬೇಡಿದರೂ ತಲೆಯಲ್ಲಾಡಿಸಿದ. ಕಣ್ಣು ಗುಳಿಬಿದ್ದಿದ್ದವು. ಹೀಗೇ ಬಿಟ್ಟರೆ ಮೂರನೆಯ ಗುಂಡಿ ತೋಡಬೇಕು ಎಂಬುದು ನಮಗೆಲ್ಲ ಕಾಣುತ್ತಿತ್ತು.

ಕಂಬಿಯೊಳಗಿಂದ ಕಳ್ಳ ಕೆಮ್ಮಿದ.

"ನಾನು ಉಣ್ಣಿಸ್ತೀನ್ರಿ, ಅಯ್ಯನೋರೆ."

"ನೆಂಟ್ರು ಉಣ್ಣಿಸ್ಬೇಕಪ್ಪಾ."

"ನಾನಿನ್ಯಾರು ಮತ್ತೆ? ನನಗೆ ಮೀಸೆ ಬಂದಾಗಿಂದ ದಫೇದಾರ್ರು ನನ್ನ ಹಿಂದೇ ಓಡ್ಯಾರೆ. ನನ್ನ ಮದುವೆಗೂ ಬಂದಿದ್ರು, ಬೇಡಿ ಹಿಡ್ಕಂಡು. ಇಷ್ಟು ಬಳಕೆ ನಮ್ಮ ಸೋದರಮಾವಂದೂ ಇಲ್ಲ."

ಅಯ್ಯನೋರು ಕಣ್ಣು ಮುಚ್ಚಿ ಯೋಚಿಸಿ, ಬಳಕೆ ಇದ್ದವನೇ ನೆಂಟ ಎಂದು ತೀರ್ಪು ಕೊಟ್ಟರು. ಬೀಗ ತೆಗೆದವನು ನಾನು. ಠಾಣೆಯ ಹಿತ್ತಿಲಲ್ಲಿ ಒಲೆ, ಅದರಾಚೆ ಎದೆಮಟ್ಟದ ಗೋಡೆ, ಗೋಡೆಯಾಚೆ ಬಯಲು. ಅವನು ಹಾರಿದರೆ ನನ್ನ ನೌಕರಿಯೂ ಹಾರುತ್ತಿತ್ತು. ಅಯ್ಯನೋರು ಜಪ ಮಾಡುತ್ತಿದ್ದರು, ನಾನೂ. ಮೊದಲು ಹೊಗೆ ಬಂತು, ಆಮೇಲೆ ಕಳ್ಳ ಬಂದ, ತಟ್ಟೆಯಲ್ಲಿ ರಾಗಿಮುದ್ದೆ ಹಿಡಿದು. ದಫೇದಾರನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ತುತ್ತು ಮುರಿದು ಕೈಗಿಟ್ಟ.

ದಫೇದಾರ ಎಷ್ಟು ಹೊತ್ತೋ ಆ ತುತ್ತನ್ನೇ ನೋಡಿದ. ಕೊನೆಗೆ ನುಂಗಿದ. ನುಂಗಿ, ಸಾವಾದ ಮೇಲಿನ ಮೊದಲ ಮಾತು ಆಡಿದ.

"ಬೆಂದಿಲ್ಲಲೇ ಇದು."

"ಕದ್ದು ತಂದಿದ್ರೆ ರುಚಿಯಾಗಿರ್ತಿತ್ತು ದಫೇದಾರ್ರೆ. ಮಾಡಿದ್ದು ಇದೇ ಮೊದಲು."

ದಫೇದಾರ ನಕ್ಕ. ನಗುತ್ತಲೇ ಅಳು ಬಂತು, ಅಳುತ್ತಲೇ ಮುದ್ದೆ ಮುಗಿಸಿದ. ಕಳ್ಳ ತಟ್ಟೆ ತೊಳೆದಿಟ್ಟು, ತಾನಾಗಿ ಲಾಕಪ್ಪಿನೊಳಗೆ ಹೋಗಿ ಕೂತು ನನ್ನನ್ನು ಕರೆದ.

"ಬೀಗ ಹಾಕ್ಕಳ್ರಿ ಸಾಹೇಬ್ರೆ. ಊರು ಖಾಲಿ ಐತೆ, ಕಳ್ಳರ ಕಾಟ."

ಸತ್ತವರಿಗೆ ಎಡೆಯಿಡುವ ದಿನ ಅದು. ಸೋಮವಾರ, ಮಹಾಲಯ ಅಮಾವಾಸ್ಯೆ.