ಟವೆಲ್ಲಿನ ಕೆಳಗಿನ ಮನಃಶಾಸ್ತ್ರ

ಎಮ್ಮೆ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ಎರಡು ಹೊತ್ತು ಎದುರಿಗೇ ಹಿಂಡಿಸಿ ನೋಡದೆ ಹಗ್ಗ ಹಿಡಿಯಬೇಡಿ. ನಮ್ಮೂರು ಕರೋಶಿಯಲ್ಲಿ ಈ ಸಲಹೆ ನನ್ನಿಂದ ಪಡೆಯದ ಮನೆಯಿಲ್ಲ. ಕೇಳದವರನ್ನೂ ನಾನು ಬಿಟ್ಟಿಲ್ಲ! ಬರಿಗೈಯಲ್ಲಿ ದನದ ಸಂತೆಗಿಳಿದು ದಲ್ಲಾಳಿಯೆಂದು ಹೆಸರು ಮಾಡಿದವನು ನಾನು.

ಮಗಳು ಸುನಂದಾ ಬಿ.ಎಡ್. ಓದುತ್ತಾಳೆ. ಒಂದು ಬೆಳಿಗ್ಗೆ ಗಟ್ಟಿಯಾಗಿ ಓದುತ್ತಿದ್ದಳು. ಮನಸ್ಸಿನಲ್ಲಿ ಮೂವರಂತೆ. 'ಈಗಲೇ ಬೇಕು' ಎಂದು ಹಟ ಮಾಡುವುದು ಇದ್. 'ತಪ್ಪು' ಎಂದು ಗದರುವುದು ಪರಾಹಂ. ನಡುವೆ ನಿಂತು ಇಬ್ಬರನ್ನೂ ಒಪ್ಪಿಸುವುದು ಅಹಂ.

ನಾನು ಚಹಾ ಕೆಳಗಿಟ್ಟೆ. "ಅಂದ್ರ ದಲ್ಲಾಳಿ!"

"ಹೂಂ ಅಪ್ಪಾ, ಹಂಗs ಅನ್ನಬಹುದು."

ಎಂಥ ಶಾಸ್ತ್ರ! ಇಡೀ ಸಂತೆಯನ್ನೇ ಒಂದು ತಲೆಯೊಳಗೆ ಕಟ್ಟಿಹಾಕಿದ್ದಾರೆ! ಇದನ್ನು ಬರೆದ, ಅಷ್ಟು ತಿಳಿದ ಆ ಪಂಡಿತರು ಎಂದೂ ಎಮ್ಮೆ ಮಾರಿರಲಿಲ್ಲ ಎಂಬುದೇ ನನಗೆ ಸೋಜಿಗ.

ಅದೇ ವಾರ ನಮ್ಮ ಎಮ್ಮೆ ಹಾಲು ನಿಲ್ಲಿಸಿತು. ಹೆಂಡತಿ ಮಲ್ಲವ್ವ ಸೊಂಟಕ್ಕೆ ಕೈಯಿಟ್ಟಳು.

"ಊರ ಮಂದಿಗೆಲ್ಲ ಎಮ್ಮಿ ಆರಿಸಿ ಕೊಡ್ತೀರಿ. ನಮ್ಮನಿಗೂ ಒಂದ್ ತರ್ರಿ, ನೋಡೂಣು!"

ಇದು ನನ್ನ ಹೆಸರಿನ ಪ್ರಶ್ನೆ. ದಲ್ಲಾಳಿಯ ಕೊಟ್ಟಿಗೆಯಲ್ಲೇ ಹಾಲಿಲ್ಲದಿದ್ದರೆ ಅವನ ಸಲಹೆ ಯಾರಿಗೆ ಬೇಕು?

ಅಥಣಿಯ ಸಂತೆಯಲ್ಲಿ ಅದನ್ನು ಕಂಡೆ. ಸುರುಳಿ ಕೊಂಬು, ಎಣ್ಣೆ ಹಚ್ಚಿದಂಥ ಮೈ. ನನ್ನ ಇದ್ ಅಲ್ಲೇ ಕುಳಿತುಬಿಟ್ಟಿತು! ಪರಾಹಂ, "ಹಿಂಡಿಸಿ ನೋಡಲೇ!" ಎಂದಿತು. ಅಹಂ ಗಂಭೀರವಾಗಿ ಎರಡೂ ಕಡೆ ಕೇಳಿ, ಇದ್ ಪರವಾಗಿ ತೀರ್ಪು ಕೊಟ್ಟಿತು.

ನಮ್ಮಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ಮಾತು. ಒಳಗೆ ಕೈ ನಡುಗುತ್ತಿತ್ತು. ಮಾರುವವನು ತುದಿಗಾಲ ಮೇಲಿದ್ದಾನೆ ಎಂದು ಅವನ ಮನಸ್ಸನ್ನು ಓದಿದೆ. ಬೆರಳು ಒತ್ತಿದೆ. ಮುಗಿಯಿತು!

ಮನೆಯಲ್ಲಿ ಹಿಂಡಲು ಕುಳಿತೆ. ಎಮ್ಮೆ ಒದ್ದ ಏಟಿಗೆ ಬಕೆಟ್ಟು ಒಂದು ಕಡೆ, ನಾನು ಒಂದು ಕಡೆ. ಮಾರಿದವನಿಗೆ ಫೋನ್ ಮಾಡಿದೆ.

"ಅದಕ್ಕ ನಮ್ಮ ಹೆಣ್ಮಕ್ಕಳ ಕೈ ರೂಢಿ ಐತ್ರಿ. ಗಂಡಸರಿಗೆ ಹಾಲ ಬಿಡೂದಿಲ್ಲ. ನೀವ ಹಿಂಡಿ ನೋಡ್ತೀನಿ ಅನ್ಲಿಲ್ಲಲ್ರಿ!"

"ಅವನ ಕೈ ನಡುಗತಿತ್ತs!" ಎಂದು ನಾನು ಗೋಳಾಡಿದೆ.

ಸುನಂದಾ ಪುಟ ತಿರುಗಿಸಿದಳು. "ತನ್ನ ಮನಸ್ಸಿನ ಆಸೆ ಇನ್ನೊಬ್ಬರ ಮ್ಯಾಲ ಹಾಕಿ ನೋಡೂದಕ್ಕ ಪ್ರಕ್ಷೇಪಣ ಅಂತಾರ. ನಡುಗಿದ್ದು ನಿನ್ನ ಕೈ, ಅಪ್ಪಾ."

ಆಹಾ, ಆ ಶಾಸ್ತ್ರಕ್ಕೆ ತಲೆದೂಗಿದೆ! ಅಂಥ ಪುಸ್ತಕ ಸಂತೆಗೆ ಹೋಗುವ ಮೊದಲೇ ಓದಬೇಕು. ಇದು ನನ್ನ ಹೊಸ ಸಲಹೆ.

"ಮಲ್ಲವ್ವಾ, ಹಂಗಾರ ನೀನs ಹಿಂಡು."

"ಆರಿಸಿದವ್ರs ಹಿಂಡ್ರಿ!"

ಮಗಳೇ ದಾರಿ ತೋರಿಸಿದಳು. "ಕೂಸಿಗೆ ಮೊದಲನೇ ಹಂತದಾಗ ಬೇಕಾದದ್ದು ನಂಬಿಕಿ. ಎಮ್ಮಿಗೂ ಮೊದಲ ನಂಬಿಕಿ ಬರ್ಲಿ." ಹೀಗೆಂದು ಅವ್ವನ ಹಸಿರು ಸೀರೆ ತಂದು ನನಗೆ ಸುತ್ತಿದಳು. ಎಮ್ಮೆ ಒಮ್ಮೆ ಮೂಸಿತು. ಹಾಲು ಬಿಟ್ಟಿತು! ಮನಸ್ಸಿನಲ್ಲೇ ಆ ಪಂಡಿತರಿಗೆ ಕೈಮುಗಿದೆ. ಕೈಗೆ ಬಿಡುವಿರಲಿಲ್ಲ.

ಅಷ್ಟರಲ್ಲಿ ಭೋಜ ಎಂಬ ಊರಿನಿಂದ ಒಬ್ಬ ರೈತ ಅಂಗಳಕ್ಕೆ ಬಂದ.

"ಅಕ್ಕಾರ, ದಲ್ಲಾಳಿಯವ್ರು ಅದಾರೇನ್ರಿ? ಎಮ್ಮಿ ಹೆಂಗ ಆರಿಸೂದಂತ ಕೇಳಬೇಕಿತ್ತು."

ನಾನು ಸೆರಗು ಮುಂದೆಳೆದು, ಆದಷ್ಟು ಸಣ್ಣ ದನಿಯಲ್ಲಿ, "ಅವ್ರು ಮನ್ಯಾಗಿಲ್ರಿ" ಎಂದೆ.

ಒಳಗಿನಿಂದ ಸುನಂದಾ ಕೂಗಿದಳು: "ಅಪ್ಪಾ, ಖರೇ ಇದ್ದದ್ದನ್ನ ಇಲ್ಲ ಅನ್ನೂದಕ್ಕ ನಿರಾಕರಣೆ ಅಂತಾರ! ಪರೀಕ್ಷಾಕ್ಕ ಇಂಪಾರ್ಟೆಂಟ್ ಐತಿ!"